ಮಂಜುಳಾ ಇಲ್ಲಿಗೆ ಬಂದಿಲ್ಲ

ಬೈಲಹೊಂಗಲ
4 ಆಗಸ್ಟ್ 1998, ಮಂಗಳವಾರ

ಆಹಾ, ಎಂಥ ಪ್ರವೇಶ! ನೂರಾರು ಪರದೆ ಏಳುವುದನ್ನು ಕಂಡ ಕಣ್ಣು ಇದು. ಗುಡುಗಿಗೆ ತಗಡು ಬಡಿದಿದ್ದೇನೆ, ಮಿಂಚಿಗೆ ರಾಳದ ಪುಡಿ ಉರಿಸಿದ್ದೇನೆ. ಬಿರುಗಾಳಿಯಲ್ಲಿ ಕಂಪನಿಯ ಡೇರೆಯೇ ಹಾರಿಹೋದಾಗ ಬಯಲಲ್ಲಿ ನಿಂತು ಮೂರನೆಯ ಅಂಕ ಮುಗಿಸಿದ್ದೇನೆ. ಆದರೆ ಇವತ್ತು ಬೆಳಗ್ಗೆ ಸ್ವಂತ ಮನೆಯ ಹೊಸ್ತಿಲಲ್ಲಿ ಕಂಡ ದೃಶ್ಯದ ಮುಂದೆ ಅವೆಲ್ಲ ಮಕ್ಕಳಾಟ.

ಜಿಟಿಜಿಟಿ ಮಳೆ. ಕದ ತೆರೆದರೆ ಮಂಜುಳಾ. ಸಂಪಗಾಂವದ ಲಕ್ಕಪ್ಪನ ತಾಯಿಯಿಲ್ಲದ ಮಗಳು. ನನ್ನ ಹೆಂಡತಿ ರೂತವ್ವನ ಹೊಲಿಗೆ ಕ್ಲಾಸಿನಲ್ಲಿ ಎರಡು ವರ್ಷ ಕೂತು, ಆಮೇಲೆ ತೊರಗಲ್ಲಿಗೆ ಸೊಸೆಯಾಗಿ ಹೋದವಳು. ಬರಿಗಾಲು. ತಲೆಯಿಂದ ಪಾದದವರೆಗೆ ಒದ್ದೆ. ಆ ಒದ್ದೆಯ ವಾಸನೆ ಮಳೆಯದಲ್ಲ, ಸೀಮೆಎಣ್ಣೆಯದು.

"ಅಕ್ಕಾರ, ಒಳಗ ಬರ್ಲ್ಯಾ?" ಎಂದು ಕೇಳಿದಳು.

ರೂತವ್ವ ಕೈ ಹಿಡಿದು ಎಳೆದುಕೊಂಡು ಕದ ಹಾಕಿದಳು. ಬಚ್ಚಲಲ್ಲಿ ಕೂರಿಸಿ ನೀರು ಹಾಕುವಾಗ ಮಾತು ಒಂದೊಂದಾಗಿ ಹೊರಬಿತ್ತು.

"ಗಂಡ ಎಣ್ಣಿ ಸುರುವಿ ಎರಡ ಕಡ್ಡಿ ಗೀರಿದಾನ್ರಿ. ಮಳಿಗೆ ಹಸಿ ಆಗಿದ್ವು. ಹೊಸಾ ಕಡ್ಡಿಪೆಟಗಿ ತರಾಕ ಹೊರಗ ಹೋದಾ. ನಾ ಹಿತ್ತಲ ಗ್ವಾಡಿ ಹಾರಿ ಓಡಿ, ಸಿಕ್ಕ ಲಾರಿ ಹತ್ತಿ ಬಂದೇನ್ರಿ."

"ಚಪ್ಪಲಿ ಎಲ್ಲಿ ಬಿಟ್ಟೆಯವ್ವಾ?" ಇದು ನನ್ನ ಪ್ರಶ್ನೆ, ಬಾಗಿಲ ಹೊರಗಿಂದ.

"ಹೊಳಿ ದಂಡ್ಯಾಗ ಬಿಟ್ಟೇನ್ರಿ ಕಾಕಾ, ಬೇಕಂತ್ಲೇ. ಹೊಳಿ ಪಾಲಾದ್ಳು ಅಂದ್ಕೊಳ್ಳಿ. ಇಲ್ಲಾಂದ್ರ ಅಂವ ಹುಡುಕೂದು ಬಿಡಾಂಗಿಲ್ಲ."

"ನಿಮ್ಮಪ್ಪನ ಕಡೆ ಹೋಗಬೇಕಿತ್ತಲ್ಲ?"

"ಎರಡ ಸಲ ಹೋಗಿದ್ನೆಲ್ರಿ. ಪಂಚರನ್ನ ಕೂಡಿಸಿದ್ರು, ಗಂಡ ತಪ್ಪಾತು ಅಂದ, ಅಪ್ಪ ತಿರುಗಿ ಬಿಟ್ಟ ಬಂದ. ಅಪ್ಪನ ಕಣ್ಣಾಗ ನೀರ ಬರ್ತಾವ್ರಿ. ನೀರ ಒರಸ್ಕೋಂತನ ಬಸ್ ಹತ್ತಿಸ್ತಾನ."

ಪಂಚಮಿಗೆ ಮಗಳನ್ನು ಕಳಿಸಲಿಲ್ಲವೆಂದು ಲಕ್ಕಪ್ಪ ಹೋದ ವಾರವಷ್ಟೇ ನಾಟಕದ ತಾಲೀಮಿನಲ್ಲಿ ಮುಖ ಸಣ್ಣದು ಮಾಡಿಕೊಂಡಿದ್ದ. ನನ್ನ ಶಿಷ್ಯ, ನನ್ನ ಗೆಳೆಯ ಲಕ್ಕಪ್ಪ! ಅವನ ಮಗಳು ಈಗ ನನ್ನ ಅಡುಗೆಮನೆಯಲ್ಲಿ ರೂತವ್ವನ ಸೀರೆ ಉಟ್ಟು ರೊಟ್ಟಿ ಮುರಿಯುತ್ತಿದ್ದಾಳೆ. ಎದ್ದು ನಿಲ್ಲು, ಎಲೈ ನಾಟಕದ ಮಾಸ್ತರನೇ! ಈ ದೃಶ್ಯವನ್ನು ನಡೆಸುವವನು ನೀನೇ.

5 ಆಗಸ್ಟ್, ಬುಧವಾರ

ಗಂಡ ಹೆಂಡಿರ ನಡುವೆ ಘನಘೋರ ಸಂವಾದ!

ನಾನೆಂದೆ: ಯಾರಾದರೂ ಹುಡುಕಿಕೊಂಡು ಬಂದರೆ ಇಲ್ಲ ಎಂದುಬಿಡೋಣ. ರೂತವ್ವ ಹಿಟ್ಟು ನಾದುತ್ತಲೇ ಅಂದಳು: "ಮುಚ್ಚಿಡತೇನಿ. ಉಣಸ್ತೇನಿ. ನನ್ನ ಮೈಮ್ಯಾಲೆ ಬಂದ್ರೂ ಬಿಟ್ಟಕೊಡಾಂಗಿಲ್ಲ. ಸುಳ್ಳ ಮಾತ್ರ ಹೇಳಾಂಗಿಲ್ಲ."

ಬಿಟ್ಟೇನೆಯೆ? ಅಡುಗೆಮನೆಯೇ ರಂಗಭೂಮಿಯಾಯಿತು. ಬೈಬಲಿನಲ್ಲಿ ಬರುವ, ಕೋಟೆಯ ಗೋಡೆಯ ಮೇಲೆ ಮನೆ ಮಾಡಿಕೊಂಡಿದ್ದ ಆ ಹೆಂಗಸಿನ ಕಥೆಯನ್ನು ಅಭಿನಯಿಸಿದೆ. ದೇವರ ಜನರ ಗೂಢಚಾರರನ್ನು ಮಾಳಿಗೆ ಹತ್ತಿಸಿ, ನಾರಿನ ಕಟ್ಟುಗಳಡಿ ಅಡಗಿಸಿ, ರಾಜನ ಆಳುಗಳಿಗೆ "ಆಗಲೇ ಹೊರಟುಹೋದರಲ್ಲ, ಬೇಗ ಓಡಿ, ಸಿಕ್ಕಾರು!" ಎಂದು ಕೈ ತೋರಿಸಿದಳಲ್ಲವೆ? ಅವಳ ಮನೆ ಉಳಿಯಿತಲ್ಲವೆ? ಗಂಡು ಕೂಸುಗಳನ್ನು ಕೊಲ್ಲಿರೆಂದ ಅರಸನಿಗೆ ಸುಳ್ಳು ಹೇಳಿ ಕೂಸುಗಳನ್ನು ಉಳಿಸಿದ ಸೂಲಗಿತ್ತಿಯರ ಸಂಸಾರವನ್ನು ದೇವರು ಬೆಳೆಸಲಿಲ್ಲವೆ? ಮೂಲೆಯಲ್ಲಿ ಕೂತಿದ್ದ ಮಂಜುಳಾ ನನ್ನ ಅರಸನ ಗತ್ತಿಗೆ ಮೊದಲ ಸಲ ನಕ್ಕಳು.

ರೂತವ್ವ ನಗಲಿಲ್ಲ. "ಮತ್ತ ಹೊಲಾ ಮಾರಿ, ದೇವರಿಗೆ ಕೊಡೂ ರೊಕ್ಕದಾಗ ಸುಳ್ಳ ಹೇಳಿದ ಗಂಡಾ ಹೆಂಡ್ತಿ? ನಿಂತಲ್ಲೇ ಸತ್ರಲ್ಲ. ಅವರ ಪಾರ್ಟ್ ಯಾಕ ಮಾಡವಲ್ರಿ?"

"ಅವರು ಆಸೆಗೆ ಹೇಳಿದರು. ನಾವು ಒಂದು ಜೀವಕ್ಕೆ."

"ಯಾವುದಕ್ಕ ಹೇಳಿದ್ರೂ ಸುಳ್ಳಿಗೆ ಅಪ್ಪ ಒಬ್ಬನ ಇದ್ದಾನ. ಅಂವ ಸೈತಾನ ಅಂತ ನಿಮಗ ಗೊತ್ತೈತಿ."

ಮದುವೆಯ ದಿನವೇ ಇವಳು ನನ್ನಿಂದ ಮಾತು ತೆಗೆದುಕೊಂಡಿದ್ದಳು: ಪರದೆಯ ಆಚೆ ಬೇಕಾದ್ದು ನುಡಿ, ಈಚೆ ಸುಳ್ಳು ಬೇಡ. ನಾಟಕದ ಹುಚ್ಚಿಗೆ ಚರ್ಚಿನ ಸಭೆಯನ್ನೇ ಬಿಟ್ಟು ಕಂಪನಿ ಸೇರಿದ್ದವನನ್ನು ಮರಳಿ ಕರೆತಂದು ಭಾನುವಾರದ ಆರಾಧನೆಯ ಹಾರ್ಮೋನಿಯಂ ಪೇಟಿಯ ಮುಂದೆ ಕೂರಿಸಿದವಳು ಅವಳು. ಆ ಮಾತನ್ನು ಈವರೆಗೆ ನಡೆಸಿದ್ದೇನೆ.

ಕೊನೆಗೆ ಅವಳೇ ತೀರ್ಪು ಕೊಟ್ಟಳು: "ಯಾರರ ಬಂದ್ರ ನಾ ಬಾಗಲಾಗ ನಿಂತ ಬಾಯಿ ಮುಚ್ಚಗೊಂಡಿರ್ತೇನಿ. ದೇವರ ಏನರ ದಾರಿ ತಗೀತಾನ. ನೀವು ಒಳಗ ಇರ್ರಿ, ಉಸಿರ ಬಿಡಬ್ಯಾಡ್ರಿ. ನಿಮ್ಮ ಉಸಿರ ಸುದ್ದಾ ಬಸ್‌ಸ್ಟ್ಯಾಂಡಿಗೆ ಕೇಳತೈತಿ."

6 ಆಗಸ್ಟ್, ಗುರುವಾರ

ಬಂದರು.

ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕು. ನಮ್ಮ ಹೊರಗಿನ ಕೋಣೆಗೂ ಅಡುಗೆಮನೆಗೂ ನಡುವೆ ಮುಳುಗಿಹೋದ ಕಂಪನಿಯ ಹಳೆಯ ಅರಮನೆ ಪರದೆಯ ತುಂಡೊಂದು ತೂಗುತ್ತದೆ. ಎರಡು ಕಂಬ, ಅರ್ಧ ನವಿಲು. ಅದರ ಹಿಂದೆ ನಾನು. ನನ್ನ ಅಂಗಿಯ ತೋಳು ಹಿಡಿದುಕೊಂಡು ಮಂಜುಳಾ.

ರಸ್ತೆಯಲ್ಲಿ ಟೆಂಪೊ ನಿಂತಿತು. ಅವಳ ಗಂಡ ಮಲಕಾಜಪ್ಪ ಅದಕ್ಕೆ ಒರಗಿ ಬೀಡಿ ಹಚ್ಚಿದ. ಕಡ್ಡಿ ಗೀರಿದ ಸಪ್ಪಳಕ್ಕೆ ಹುಡುಗಿಯ ಉಗುರು ನನ್ನ ತೋಳಿನಲ್ಲಿ ಇಳಿಯಿತು. ಬಾಗಿಲಿಗೆ ಬಂದವನು ಲಕ್ಕಪ್ಪ ಒಬ್ಬನೇ.

"ಅಕ್ಕಾರ, ನಮ್ಮ ಮಂಜಿ ಇಲ್ಲಿಗೇನರ ಬಂದಾಳೇನ್ರಿ? ಹೊಳಿ ದಂಡಿಗೆ ಆಕಿ ಚಪ್ಪಲಿ ಸಿಕ್ಕಾವು. ನಿಮ್ಮಲ್ಲಿ ಇದ್ಲಂದ್ರ ಬದಕ್ಯಾಳ. ಇಲ್ಲಾಂದ್ರ..."

ರೂತವ್ವ ಸುಮ್ಮನೆ ನಿಂತಳು. ಹೇಳಿದ್ದಂತೆಯೇ.

"ಏನಂತಾರ ಮಾವಾ?" ರಸ್ತೆಯಿಂದ ಮಲಕಾಜಪ್ಪನ ದನಿ. ಬೀಡಿ ಎಸೆದು ಎರಡು ಹೆಜ್ಜೆ ಮುಂದೆ ಬಂದ.

ಮೌನ. ಅಬ್ಬಾ, ಆ ಮೌನ! ಅದು ಎಂಥದೆಂದು ನಾಟಕದ ಮಾಸ್ತರನಿಗೆ ಮಾತ್ರ ಗೊತ್ತು. ನಮ್ಮ ಊರಾಟಗಳಲ್ಲಿ ರೈತರು ಹಗಲೆಲ್ಲ ಹೊಲದಲ್ಲಿ ದುಡಿದು ಬಂದು ಬಣ್ಣ ಹಚ್ಚುವವರು, ಮಾತು ಬಾಯಿಪಾಠ ಇರುವುದಿಲ್ಲ. ಪರದೆಯ ಹಿಂದೆ ಕೂತು ಒಂದೊಂದೇ ಮಾತನ್ನು ನಾನು ಹೇಳಿಕೊಡಬೇಕು, ಅವರು ಮುಂದೆ ಒದರಬೇಕು. ಲಕ್ಕಪ್ಪನಿಗೆ ಓದು ಬಾರದು. ಹತ್ತು ವರ್ಷ ಅರಸನಾಗಿ ಮೆರೆದದ್ದೆಲ್ಲ ನನ್ನ ದನಿಯ ಮೇಲೆ. ರಂಗದಲ್ಲಿ ಮಾತು ನಿಂತರೆ ನನ್ನ ಬಾಯಿ ತಾನಾಗಿ ತೆರೆಯುತ್ತದೆ.

ತೆರೆಯಿತು.

"ಮಂಜುಳಾ ಇಲ್ಲಿಗೆ ಬಂದಿಲ್ಲ."

ಕೂಗಲಿಲ್ಲ. ಪರದೆ ದಾಟುವಷ್ಟೇ ದನಿ, ಹೇಳಿಕೊಡುವ ದನಿ. ಲಕ್ಕಪ್ಪ ಯಾರೆಂದು ತಿರುಗಿ ನೋಡಲಿಲ್ಲ. ಎದೆ ಎತ್ತಿದ, ರಸ್ತೆಯ ಕಡೆ ತಿರುಗಿದ, ಊರಿಗೆ ಊರೇ ಕೇಳುವಂತೆ ಅಂದ: "ಮಂಜುಳಾ ಇಲ್ಲಿಗೆ ಬಂದಿಲ್ಲ!"

ಅಂದಾದ ಮೇಲೆ ಅವನಿಗೆ ಅದರ ಅರ್ಥ ತಿಳಿಯಿತು. ಮೆಟ್ಟಿಲ ಮೇಲೆ ಕುಸಿದು ಕೂತ.

ನಾನು ಹೊರಗೆ ಬರಲೇಬೇಕಾಯಿತು. "ಮಾಸ್ತರ, ಅದನ್ನ ಇನ್ನೊಮ್ಮೆ ಹೇಳ್ರಿ. ನಿಮ್ಮ ಮಾರಿ ನೋಡ್ಕೋಂತ ಕೇಳತೇನಿ" ಅಂದ.

ಅವನ ಹಿಂದೆ ಮಲಕಾಜಪ್ಪ ಬಂದು ನಿಂತಿದ್ದ.

"ಬಂದಿಲ್ಲ ಲಕ್ಕಪ್ಪಾ" ಅಂದೆ.

ಟೆಂಪೊ ಹೋಯಿತು. ಶಭಾಷ್ ಅನ್ನಲೆ ನನಗೆ ನಾನೇ? ಕಣ್ಣು ಮಿಟುಕಿಸಲಿಲ್ಲ, ಗಂಟಲು ಒಡೆಯಲಿಲ್ಲ. ಇಂಥ ಪಾರ್ಟು ಜೀವಮಾನದಲ್ಲಿ ಮಾಡಿಲ್ಲ. ಹುಡುಗಿ ಉಳಿದಳು! ಆದರೆ ಅವಳು ಸೆರಗು ಬಾಯಲ್ಲಿ ತುರುಕಿಕೊಂಡು ಅಪ್ಪ ಅಳುವುದನ್ನು ಪರದೆಯ ಹಿಂದೆ ಕೇಳುತ್ತಿದ್ದಳು. ರೂತವ್ವ ನನ್ನ ಜೊತೆ ಮಾತಾಡಿಲ್ಲ. ತಾಟು ಬಡಿಸಿ ಇಟ್ಟು ಹೋದಳು.

9 ಆಗಸ್ಟ್, ಭಾನುವಾರ

ಮೊನ್ನೆ ರೂತವ್ವ ಹುಡುಗಿಗೆ ಬುರುಖಾ ಹಾಕಿಸಿ ಕಿತ್ತೂರಿಗೆ ಬಿಟ್ಟು ಬಂದಳು. ಅಲ್ಲಿ ರೂತವ್ವನ ಅಕ್ಕ ಗುರವ್ವ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. "ಇದು ಸುಳ್ಳಲ್ಲವೇನು? ವೇಷ ಅಲ್ಲವೇನು?" ಎಂದು ಕೆಣಕಿದೆ. "ಬಾಯಿಲೆ ಹೇಳಲಿಲ್ಲಲ್ಲ" ಅಂದಳು, ಆದರೆ ಮುಖ ತಿರುಗಿಸಿ.

ಆರಾಧನೆ ಮುಗಿದ ಮೇಲೆ ಅಯ್ಯನವರನ್ನು ಹಿಡಿದೆ. ನಮ್ಮ ಸಭೆಯ ಪಾಲಕರು ಅವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಿಜ ಹೇಳುವ ಹಾಗಿಲ್ಲ, ಹೊಸ ನಾಟಕ ಬರೆಯುತ್ತಿದ್ದೇನೆಂದೆ. ಒಬ್ಬ ಮಾಸ್ತರ, ಒಬ್ಬ ಹುಡುಗಿ, ಬಾಗಿಲಲ್ಲಿ ಕೊಲ್ಲುವವನು. ಮಾಸ್ತರ ಸುಳ್ಳು ಹೇಳಬಹುದೋ?

ಅಯ್ಯನವರು ಕನ್ನಡಕ ಒರೆಸಿಕೊಂಡರು. "ಗೋಡಿ ಮ್ಯಾಲಿನ ಹೆಂಗಸಿನ ವಿಶ್ವಾಸ ದೇವರು ಮೆಚ್ಚಿದ ಮಾಸ್ತರ. ಸುಳ್ಳ ಮೆಚ್ಚಿದ ಅಂತ ಎಲ್ಲಿ ಅದ?"

"ಸುಳ್ಳು ಹೇಳದಿದ್ದರೆ ಗೂಢಚಾರರು ಸಾಯುತ್ತಿದ್ದರಲ್ಲರಿ?"

"ದೇವರು ಬ್ಯಾರೆ ದಾರಿ ತಗೀತಿದ್ದ."

"ಯಾವ ದಾರಿರಿ?"

ಪ್ರಾಮಾಣಿಕ ಮನುಷ್ಯ. "ಗೊತ್ತಿಲ್ಲ ಮಾಸ್ತರ" ಅಂದರು. "ನಾ ಆ ಮಾಸ್ತರನ ಜಾಗಾದಾಗ ಇದ್ರ ಹೇಳತಿದ್ನೋ ಏನೋ. ಹೇಳಿ, ಆಮ್ಯಾಲೆ ದೇವರ ಮುಂದ ಅಳತಿದ್ದೆ. ಮುಂದೆ ಏನಾಗ್ತದ ನಾಟಕದಾಗ?"

"ಇನ್ನೂ ಬರೆದಿಲ್ಲರಿ" ಅಂದೆ.

13 ಆಗಸ್ಟ್, ಗುರುವಾರ

ಲಕ್ಕಪ್ಪ ಹೊಳೆಯ ಗುಂಟ ಓಡಾಡುತ್ತಿದ್ದಾನೆ. ರಾಮದುರ್ಗದವರೆಗೂ ಹೋದನಂತೆ. ಮೀನುಗಾರರ ಜೊತೆ ದೋಣಿಯಲ್ಲಿ ಕೂತು ನೀರಿನಲ್ಲಿ ಗಳ ಆಡಿಸಿ ಹುಡುಕುತ್ತಾನಂತೆ. ಬರುವಾಗ ಬೈಲಹೊಂಗಲದಲ್ಲಿ ಇಳಿದು ನಮ್ಮ ಮನೆಗೆ ಬರುತ್ತಾನೆ. ಬೇರೆ ಎಲ್ಲಿಗೆ ಹೋದಾನು? ರೂತವ್ವ ಚಹಾ ಇಡುತ್ತಾಳೆ, ಅವನ ಕಣ್ಣು ನೋಡದೆ ಒಳಗೆ ಹೋಗುತ್ತಾಳೆ. ಅವನು ಆ ಅರ್ಧ ನವಿಲನ್ನು ನೋಡುತ್ತ ಕೂತಿರುತ್ತಾನೆ.

"ಮಾಸ್ತರ, ನೀರಾಗ ಬಿದ್ದಾವರು ಎಷ್ಟ ದಿನಕ್ಕ ಮ್ಯಾಲೆ ಬರ್ತಾರ್ರಿ?"

ನನಗೆ ಗೊತ್ತಿಲ್ಲ ಅಂದೆ. ಇದು ನಿಜ.

14 ಆಗಸ್ಟ್, ಶುಕ್ರವಾರ

ಕಿತ್ತೂರಿಗೆ ಹೋಗಿದ್ದೆ. ಮಂಜುಳಾ ಹಾಸ್ಟೆಲಿನ ಹಿತ್ತಲಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ನಿಮ್ಮಪ್ಪನಿಗೊಬ್ಬನಿಗೆ ಗುಟ್ಟಾಗಿ ಹೇಳಲೇ ಎಂದು ಕೇಳಿದೆ. ಬೇಡಿಕೊಂಡೆ ಅಂತಲೇ ಅನ್ನಬೇಕು.

"ಬ್ಯಾಡ್ರಿ ಕಾಕಾ. ಅಪ್ಪನ ಹೊಟ್ಟ್ಯಾಗ ಮಾತ ನಿಂದ್ರೂದಿಲ್ಲ. ಕಿವಿಗೆ ಬಿದ್ದದ್ದನ್ನ ಅಲ್ಲೇ ಒದರೂದು ನೀವ ಕಲಿಸೀರಿ."

ಅವಳು ಹೇಳಿದ್ದು ಸರಿ.

"ಅಪ್ಪಗ ಗೊತ್ತಾತಂದ್ರ ಗಂಡಗ ಗೊತ್ತಾತು. ಮೂರನೇ ಸಲಾ ಕಡ್ಡಿ ಹಸಿ ಇರೂದಿಲ್ರಿ."

16 ಆಗಸ್ಟ್, ಭಾನುವಾರ

ಲಕ್ಕಪ್ಪ ಇವತ್ತು ಸಭೆಗೆ ಬಂದ. ಎಂದೂ ಬಂದವನಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಯ್ಯನವರು ಒಳಗೆ ಕರೆದು ಕೂರಿಸಿದರು.

"ನಮ್ಮ ದೇವರಿಗೆಲ್ಲ ಕೇಳಿ ಆತ್ರಿ. ನಿಮ್ಮ ದೇವರಿಗೂ ಒಂದ ಮಾತ ಹೇಳ್ರಿ. ನನ್ನ ಮಗಳ ಸಲುವಾಗಿ. ಮಾಸ್ತರ ಹೇಳ್ಲಿ, ಅವರ ದನಿ ಮ್ಯಾಲೆ ಮುಟ್ಟತೈತಿ."

ಎಲ್ಲರೂ ನನ್ನ ಕಡೆ ತಿರುಗಿದರು. ಪೇಟಿ ಬಿಟ್ಟು ಎದ್ದೆ. ಮನುಷ್ಯರಿಗೆ ಹೇಳಿದ್ದನ್ನು ದೇವರ ಮುಂದೆ ಹೇಗೆ ಹೇಳಲಿ? ಅದಕ್ಕೆ ಒಂದೊಂದೇ ಮಾತು ಆರಿಸಿ ಇಟ್ಟೆ. ಕರ್ತನೇ, ಮಂಜುಳಾ ಈಗ ಎಲ್ಲಿದ್ದಾಳೋ ನೀನು ಬಲ್ಲೆ. ಅವಳನ್ನು ನಿನ್ನ ರೆಕ್ಕೆಯಡಿ ಇಟ್ಟುಕೋ. ಇನ್ನು ಅವಳಿಗೆ ನೋವು ಬೇಡ, ಹೆದರಿಕೆ ಬೇಡ. ಬೆಂಕಿ ಅವಳನ್ನು ಮುಟ್ಟದಿರಲಿ. ಅಪ್ಪನ ಕಣ್ಣೀರು ಒರೆಸು. ಒಂದು ಸುಳ್ಳಿಲ್ಲ ಅದರಲ್ಲಿ. ದನಿ ನಡುಗಿತು, ಅದೂ ನಟನೆಯಲ್ಲ.

ಸಭೆಗೆ ಸಭೆಯೇ ಅತ್ತಿತು. ಲಕ್ಕಪ್ಪ ಬಂದು ನನ್ನ ಕೈ ಹಿಡಿದ. "ತಣ್ಣಗಾತ್ರಿ ಮಾಸ್ತರ. ನೀವ ಹಂಗ ಅಂದ ಮ್ಯಾಲೆ ತಿಳೀತು, ಆಕಿ ಇಲ್ಲ. ಇನ್ನ ಹುಡುಕಾಂಗಿಲ್ಲ. ಅಮಾಸಿಗೆ ದಿವಸಾ ಮಾಡಿ ಮುಗಸ್ತೇನಿ. ನೀವು ಬರಬೇಕ ಮತ್ತ."

ಮನೆಗೆ ಬಂದ ಮೇಲೆ ರೂತವ್ವ ಹತ್ತು ದಿನಗಳಲ್ಲಿ ಮೊದಲ ಸಲ ತಾನಾಗಿ ಮಾತಾಡಿದಳು.

"ನಿಮ್ಮ ಸುಳ್ಳಕಿಂತ ನಿಮ್ಮ ಖರೇನ ಕೆಟ್ಟಿತ್ತು ಇವತ್ತ."

ಮೂಲೆಯಲ್ಲಿ ಕೂತು ಅತ್ತಳು. "ನಾನೂ ಬಾಯಿ ಮುಚ್ಚಗೊಂಡ ಅದನ್ನ ಮಾಡೇನಿ" ಅಂದಳು.

22 ಆಗಸ್ಟ್, ಶನಿವಾರ, ಅಮಾವಾಸ್ಯೆ

ತೊರಗಲ್ಲಿನ ಹೊಳೆ ದಂಡೆಗೆ ಹೋಗಿದ್ದೆ. ಚಪ್ಪಲಿ ಸಿಕ್ಕ ಜಾಗದಲ್ಲೇ ಎಡೆ ಇಟ್ಟರು. ಅನ್ನ, ಪಲ್ಯ, ಅವಳಿಗೆ ಇಷ್ಟವೆಂದು ಶೇಂಗಾ ಹೋಳಿಗೆ. ಆಮೇಲೆ ದೂರ ಸರಿದು ಕಾಗೆಗೆ ಕಾದೆವು. ಕಾಗೆ ಮುಟ್ಟಿದರೆ ಸತ್ತವರಿಗೆ ಸಮಾಧಾನ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ.

ಜಾಲಿ ಮರದ ತುಂಬ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ.

ಊರ ಹಿರಿಯರಾದ ನಿಜಗುಣಪ್ಪ ಅಂದರು: "ಏನೋ ಆಸಿ ಐತಿ ಹುಡುಗಿದು. ಯಾರ್ಯಾರ ಏನೇನ ಹೇಳೂದೈತಿ ಹೇಳ್ರಪಾ."

ಮಲಕಾಜಪ್ಪ ಕೈ ಮುಗಿದು, ನಿನ್ನ ಹೆಸರಲ್ಲಿ ಅನ್ನ ಹಾಕಿಸುತ್ತೇನೆ ಅಂದ. ಕಾಗೆ ಬರಲಿಲ್ಲ. ಹಿಂದೆ ಯಾರೋ ಹೆಂಗಸು "ಇದ್ದಾಗ ಹಾಕಿದ್ನೇನು?" ಎಂದು ಗೊಣಗಿದಳು. ಮಳೆ ಹನಿಯತೊಡಗಿತು. ಮಲಕಾಜಪ್ಪ ಕೊಡೆ ಬಿಚ್ಚಿ ಮಾವನ ತಲೆಯ ಮೇಲೆ ಹಿಡಿದ.

ಲಕ್ಕಪ್ಪ ಎಡೆಯ ಮುಂದೆ ಮೊಣಕಾಲೂರಿದ. ನಾನು ಹೇಳಿಕೊಡದ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಯವ್ವಾ, ನಿನ್ನ ಬಸ್ ಹತ್ತಿಸಬಾರದಿತ್ತು ನಾ. ತಪ್ಪಾತು. ಮನಿಗೆ ಬಾ. ಇನ್ನ ಯಾರ ಬಂದ ಕೇಳಿದ್ರೂ ಕಳಸಾಂಗಿಲ್ಲ. ಪಂಚರ ಬರ್ಲಿ, ಗಂಡ ಬರ್ಲಿ, ಬಾಗಲಾಗ ಅಡ್ಡ ಮಲಗತೇನಿ. ಬಾ ಯವ್ವಾ."

ನಾನು ಬಾಯಿ ತೆರೆದೆ. ಮಲಕಾಜಪ್ಪ ಕೊಡೆ ಹಿಡಿದು ಅವನ ಪಕ್ಕದಲ್ಲೇ ನಿಂತಿದ್ದ, ನನ್ನ ಕಡೆಯೇ ನೋಡುತ್ತಿದ್ದ. ಬಾಯಿ ಮುಚ್ಚಿದೆ.

ಆಗ ಒಂದು ಕಾಗೆ ಇಳಿಯಿತು. ಹೋಳಿಗೆ ಕುಕ್ಕಿತು.

ಎಲ್ಲರೂ ಉಸ್ಸೆಂದರು. ಲಕ್ಕಪ್ಪ ಅಳುತ್ತ ನಕ್ಕ. "ಕೇಳಿಸ್ತ್ರಿ ಮಾಸ್ತರ ಆಕಿಗೆ!" ಆಮೇಲೆ ಊಟಕ್ಕೆ ಕೂತೆವು. ತನ್ನ ಕೈಯಾರೆ ನನಗೆ ಹೋಳಿಗೆ ಬಡಿಸಿದ. ತಿಂದೆ.

ಬಸ್ಸಿನಲ್ಲಿ ಹಿಂದಿರುಗುವಾಗ ಮಲಕಾಜಪ್ಪ ನನ್ನ, ಲಕ್ಕಪ್ಪನ ನಡುವೆ ಕೂತಿದ್ದ. ಮಾವ ಒಬ್ಬನೇ ಆಗುತ್ತಾನೆ, ಸುಗ್ಗಿಯವರೆಗೆ ಸಂಪಗಾಂವದಲ್ಲೇ ಇದ್ದು ಹೊಲ ನೋಡಿಕೊಳ್ಳುತ್ತೇನೆ ಅಂದ. ಲಕ್ಕಪ್ಪ ಅವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ.

"ಹೆಂಗಿದ್ದಾನ ಲಕ್ಕಪ್ಪಣ್ಣ?" ಮನೆಗೆ ಬಂದಾಗ ರೂತವ್ವ ಕೇಳಿದಳು.

"ಉಂಡ" ಅಂದೆ.

ಎಡೆಯ ಮುಂದೆ ಅವನು ಅಂದದ್ದನ್ನು ಹೇಳಿದೆ. "ಮಂಜಿಗೆ ಹೇಳ್ರಿ. ಆ ಮಾತ ಆಕೀದು" ಅಂದಳು. ಸೋಮವಾರ ಹೋಗಿ ಹೇಳಬೇಕು.

24 ಆಗಸ್ಟ್, ಸೋಮವಾರ

ಕಿತ್ತೂರಿಗೆ ಹೋಗಿ ಬಂದೆ. ಮಂಜುಳಾಗೆ ಹಾಸ್ಟೆಲಿನವರು ಹೊಲಿಗೆ ಮಷೀನು ಕೊಟ್ಟಿದ್ದಾರೆ. ಹುಡುಗಿಯರ ಲಂಗ ಹೊಲಿಯುತ್ತಿದ್ದಳು. ಮೈ ಸ್ವಲ್ಪ ತುಂಬಿಕೊಂಡಿದೆ.

"ನನ್ನ ದಿವಸಾ ಮಾಡಿದ್ರಂತಲ್ರಿ ಕಾಕಾ. ಏನೇನ ಅಡಗಿ ಇತ್ತು?"

ಹೇಳಿದೆ.

"ಶೇಂಗಾ ಹೋಳಿಗಿನೂ ಮಾಡಿದ್ರ? ಅಯ್ಯ, ಸತ್ತ ಮ್ಯಾಲೆ ಭಾಳ ಕಿಮ್ಮತ್ತ ಬಂತ ನನಗ" ಎಂದು ನಕ್ಕಳು. ಆಮೇಲೆ ದಾರವನ್ನು ಹಲ್ಲಿನಿಂದ ಕಡಿದು, ಬಟ್ಟೆ ನೋಡುತ್ತಲೇ ಕೇಳಿದಳು.

"ಕಾಗಿ ಲಗೂನ ಮುಟ್ಟಿತೇನ್ರಿ?"

ಕೆಳಗೆ ಬಿದ್ದಿದ್ದ ಬಟ್ಟೆಯ ಚೂರನ್ನು ಎತ್ತಿ ಮಷೀನಿನ ಮೇಲಿಟ್ಟೆ.

"ತಡಾ ಮಾಡಿತ್ತಂದ್ರ ಹೇಳ್ರಿ. ತಡಾ ಆದ್ರ ಅಪ್ಪ ಏನರ ಅಂದಿರಬೇಕಲ್ಲ. ಅಂವ ಒಂದ ಮಾತ, ತಪ್ಪಾತು ಅಂತ ಒಂದ ಮಾತ ಅಂದಿದ್ರ, ನಾ ಈಗಿಂದೀಗ ಎದ್ದ ಸಂಪಗಾಂವಕ್ಕ ಹೋಗತೇನಿ ಕಾಕಾ. ಯಾರ ಇದ್ರೂ ಇರ್ಲಿ."

"ಇಟ್ಟ ಕೂಡಲೇ ಮುಟ್ಟಿತವ್ವಾ" ಅಂದೆ.

"ಹೌದಾ" ಅಂದಳು. ಮಷೀನಿನ ಗಾಲಿ ತಿರುವಿ ಮತ್ತೆ ಹೊಲಿಯತೊಡಗಿದಳು.

ಗುರವ್ವ ಉಂಡು ಹೋಗು ಅಂದಳು, ಹಸಿವಿರಲಿಲ್ಲ. ನಾಲ್ಕರ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು.